ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪ: ಒಂದು ದಿನದಲ್ಲಿ ನೋಡುವುದು ಹೇಗೆ?

ಉಡುಪಿಗೆ ಬಂದವರು ಕೃಷ್ಣ ಮಠಕ್ಕೆ ಹೋಗಿ, ಮಸಾಲೆ ದೋಸೆ ತಿಂದು, ಸಂಜೆ ಮಲ್ಪೆ ಬೀಚಿನಲ್ಲಿ ಅರ್ಧ ಗಂಟೆ ಕಾಲು ನೆನೆಸಿ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದು ಇಡೀ ದಿನ ಮಲ್ಪೆಗೇ ಇಟ್ಟುಕೊಳ್ಳಿ.

ಅಕ್ಟೋಬರ್‌ನಿಂದ ಜನವರಿ ಒಳ್ಳೆ ಸಮಯ. ಆಮೇಲೆ ಬಿಸಿಲು ಜಾಸ್ತಿ. ಮಳೆಗಾಲದಲ್ಲಂತೂ ಕಡಲು ಜೋರಾಗಿರುವುದರಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಆಗ ಬಂದರೆ ದಡದಿಂದ ನೋಡಿಕೊಂಡು ಹೋಗಬೇಕಷ್ಟೇ. ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿಲೋಮೀಟರ್, ಸಿಟಿ ಬಸ್ ಧಾರಾಳವಾಗಿ ಸಿಗುತ್ತದೆ.

ಬೆಳಗ್ಗೆ ಬೇಗ ಎದ್ದು ಮೊದಲು ಬಂದರಿಗೆ ಹೋಗಿ. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರು ಇದು. ದಕ್ಕೆಯಲ್ಲಿ ಬೋಟುಗಳಿಂದ ಬಂಗುಡೆ, ಬೂತಾಯಿ, ಅಂಜಲ್ ಇಳಿಯುತ್ತಿರುತ್ತದೆ, ಒಂದು ಕಡೆ ಐಸ್ ತುಂಬುತ್ತಾರೆ, ಇನ್ನೊಂದು ಕಡೆ ಏಲಂ ಕೂಗುತ್ತಾರೆ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಈ ಗಡಿಬಿಡಿ ಇರುವುದಿಲ್ಲ.

ಆಮೇಲೆ ದ್ವೀಪ. ಟಿಕೆಟ್ ತೆಗೆದುಕೊಳ್ಳುವಾಗಲೇ ಕೊನೆಯ ದೋಣಿ ವಾಪಸ್ ಬರುವುದು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ, ರಾತ್ರಿ ಉಳಿಯಲು ಅಲ್ಲಿ ಅವಕಾಶ ಇಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅಂತ ಹೇಳುತ್ತಾರೆ. ಊರವರು ಇದನ್ನು ತೋನ್ಸೆಪಾರ್ ಅಂತಲೂ ಕರೆಯುತ್ತಾರೆ.

ಆದರೆ ಇಲ್ಲಿಯ ನಿಜವಾದ ಚರಿತ್ರೆ ಕಲ್ಲಿನಲ್ಲಿದೆ. ತೆಂಗಿನ ಮರಗಳ ಕೆಳಗೆ ಸೆಲ್ಫಿ ತೆಗೆದು ಸುಮ್ನೆ ವಾಪಸ್ ಬರಬೇಡಿ, ಕಲ್ಲಿನ ಕಂಬಗಳ ಹತ್ತಿರ ಹೋಗಿ ಒಂದರ ತಲೆಯ ಮೇಲೆ ಕೈಯಿಟ್ಟು ಅಂಚುಗಳನ್ನು ಎಣಿಸಿ. ಕೆಲವಕ್ಕೆ 5, ಹೆಚ್ಚಿನವಕ್ಕೆ 6, ಅಲ್ಲೊಂದು ಇಲ್ಲೊಂದಕ್ಕೆ 7. ಪೆನ್ಸಿಲ್ ಕಟ್ಟನ್ನು ನಿಲ್ಲಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ನಿಧಾನವಾಗಿ ತಣಿಯುತ್ತಾ ಕುಗ್ಗಿ, ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟು ಹೀಗೆ ಕಂಬವಾಯಿತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲ ಅದು, ಹೆಚ್ಚು ಕಡಿಮೆ ಅದೇ ವಯಸ್ಸಿನ ಲಾವಾ ಅಲ್ಲಿಯೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಇಷ್ಟು ದೊಡ್ಡ ಕತೆ ಕಾಲ ಕೆಳಗೇ ಇರುವಾಗ ಬರೀ ಫೋಟೋಗೆ ಬರುವುದು ಬೇಜಾರಿನ ವಿಷಯ ಅಲ್ವಾ?

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ನೀರಿನ ಅಂಚಿನ ಬಂಡೆ ಪಾಚಿ ಹಿಡಿದು ಜಾರುತ್ತದೆ, ಅಲ್ಲಿಂದ ಬಿದ್ದು ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಹೊಡೆದರೆ ವಾದ ಮಾಡಬೇಡಿ, ಹಿಂದೆ ಸರಿಯಿರಿ. ಗಟ್ಟಿ ಹಿಡಿತದ ಚಪ್ಪಲಿ, ಟೋಪಿ ಇರಲಿ. ಚಿಪ್ಪು ತುಂಬಿದ ದಡ ನೋಡಲು ಚೆಂದ, ಬರಿಗಾಲಿಗೆ ಮಾತ್ರ ಚುಚ್ಚುತ್ತದೆ. ಚಿಪ್ಪು, ಕಲ್ಲು ಅಲ್ಲೇ ಇರಲಿ, ನಿಮ್ಮ ಕಸ ಮಾತ್ರ ನಿಮ್ಮ ಜೊತೆ ವಾಪಸ್ ಬರಲಿ.

ದಡಕ್ಕೆ ಬಂದು ಮೀನೂಟ ಮಾಡಿ, ಬಿಸಿಲು ಇಳಿದ ಮೇಲೆ ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಹೋಗಿ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಇದೇ ಕಡಲತೀರದಲ್ಲಿ ಉಳಿಸಿ, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣನನ್ನು ಪಡೆದರು ಅನ್ನುವುದು ಇಲ್ಲಿಯವರ ನಂಬಿಕೆ. ಕೃಷ್ಣ ಮಠವನ್ನು ಇನ್ನೂ ನೋಡಿಲ್ಲದಿದ್ದರೆ ಇದಾದ ಮೇಲೆ ಹೋಗಿ, ಕತೆ ಸರಿಯಾದ ಸಾಲಿನಲ್ಲಿ ಸಿಗುತ್ತದೆ.