ಮಗುವಿನ ಮೊದಲ ರೈಫಲ್: ಅಳತೆ ನೋಡಿ ಆರಿಸಿ

ಮಗುವಿಗೆ ಶೂಟಿಂಗ್ ಕಲಿಸಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ‘ಬೆಳೆಯೋ ಮಗು ಅಲ್ವಾ, ಆಮೇಲೆ ಸರಿಹೋಗುತ್ತೆ’ ಅಂತ ದೊಡ್ಡವರ ರೈಫಲ್ ಕೊಡಿಸುತ್ತಾರೆ. ಮಗು ಭಾರ ತಡೆಯಲಾರದೆ ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ರೈಫಲ್ಲಿನ ಹಿಂಬದಿ, ಅಂದರೆ ಬಟ್, ಹೆಗಲಿನಲ್ಲಿ ಕೂರದೆ ತೋಳಿಗೆ ಜಾರುತ್ತದೆ. ಒಮ್ಮೆ ರೂಢಿಯಾದ ಈ ಭಂಗಿಯನ್ನು ಬಿಡಿಸುವುದು ಬಹಳ ಕಷ್ಟ.

ಮೊದಲು ನಿಮ್ಮಲ್ಲಿನ ವಯಸ್ಸು, ಲೈಸೆನ್ಸ್ ನಿಯಮ ತಿಳಿದುಕೊಳ್ಳಿ.

ಆಮೇಲೆ ಬಗೆ. 4.5 ಮಿ.ಮೀ. ಏರ್ ರೈಫಲ್ಲಿನಿಂದಲೇ ಶುರು ಮಾಡಿ. ಸದ್ದು ಕಡಿಮೆ, ಹಿನ್ನೊದೆತದ ಹೆದರಿಕೆ ಇಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲೂ ಇದೇ ಅಳತೆಯ ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡು. ಮದ್ದಿನ ಗುಂಡು ಹಾರಿಸುವ ಪಾಯಿಂಟ್ 22 ರೈಫಲ್ ಮುಂದೆ ನೋಡೋಣ. ಅದೂ ಒಮ್ಮೆಗೆ ಒಂದೇ ಗುಂಡು ತುಂಬುವ, ಚಿಲಕದಂಥ ಬೋಲ್ಟನ್ನು ಕೈಯಿಂದ ಎಳೆಯುವ ರೈಫಲ್ಲೇ ಆಗಬೇಕು.

ಈಗ ಅಳತೆ. ಇಲ್ಲಿ ಅವಸರ ಬೇಡ. ಅದಕ್ಕೂ ಮುಂಚೆ ಗುರಿ ನೋಡಲು ಮಗುವಿನ ಯಾವ ಕಣ್ಣು ಮುಂದು ಅಂತ ನೋಡಿ. ಎರಡೂ ಅಂಗೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ನಿಮ್ಮ ಮೂಗನ್ನು ನೋಡಲು ಹೇಳಿ. ಕಿಂಡಿಯಲ್ಲಿ ನಿಮಗೆ ಕಾಣುವ ಕಣ್ಣೇ ಅದು. ಬಲಗೈ ಮಗುವಿಗೆ ಎಡಗಣ್ಣು ಮುಂದಿದ್ದರೆ ಎಡ ಹೆಗಲಿನಿಂದಲೂ ಹಿಡಿಸಿ ನೋಡಿ.

ರೈಫಲ್ ಖಾಲಿ ಇದೆಯೆಂದು ನೀವೇ ತೆರೆದು ನೋಡಿ. ಮಗು ಮೊಣಕೈ ಮಡಚಲಿ, ಬಟ್ಟನ್ನು ಆ ಮಡಿಕೆಗೆ ತಾಗಿಸಿ. ತೋರುಬೆರಳಿನ ತುದಿಗಂಟು ಟ್ರಿಗರ್ ತಲುಪಬೇಕು. ತಲುಪದಿದ್ದರೆ ಉದ್ದ ಜಾಸ್ತಿ. ಇಷ್ಟಕ್ಕೇ ನಿಲ್ಲಿಸಬೇಡಿ. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಲು ಹೇಳಿ. ಗುರಿ ನೋಡುವ ಸೈಟು ಕಣ್ಣಿಗೆ ನೇರ ಎದುರಿಗಿರಬೇಕು. ಕತ್ತು ಚಾಚಬೇಕಾದರೆ ಆ ಸ್ಟಾಕ್ (ಹೆಗಲು, ಕೆನ್ನೆಗೆ ತಾಗುವ ಹಿಡಿಕೆ ಭಾಗ) ಹೊಂದುವುದಿಲ್ಲ. ಕೊನೆಗೆ ಹಾಗೇ ನಿಂತಿರಲಿ. ಸ್ವಲ್ಪ ಹೊತ್ತಿಗೇ ಬ್ಯಾರಲ್ ತುದಿ ಇಳಿದರೆ ಭಾರ ಜಾಸ್ತಿಯಾಯಿತು. ಬಟ್ ಕೊಯ್ಸಿ ಚಿಕ್ಕದು ಮಾಡಿಸೋಣ ಅನ್ನುವವರಿದ್ದಾರೆ. ಬೇಡ. ಹಿಂದಿನ ತೂಕ ಹೋಗಿ ಮೂತಿ ಇನ್ನೂ ಭಾರವಾಗುತ್ತದೆ. ತುಂಡು ಸೇರಿಸಿ ಉದ್ದ ಮಾಡಬಹುದಾದ ಚಿಕ್ಕ ಸ್ಟಾಕ್ ಕೊಳ್ಳಿ.

ಬ್ಯಾರಲ್ ಬಗ್ಗಿಸಿ ಎಳೆದು ಸ್ಪ್ರಿಂಗ್ ಬಿಗಿ ಮಾಡುವ ಏರ್ ರೈಫಲ್ ಆದರೆ ಹಗುರ ಸ್ಪ್ರಿಂಗಿನದು ಸಾಕು. ಸೆಕೆಂಡಿಗೆ ಸಾವಿರ ಅಡಿ ವೇಗ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕಾಗದ ತೂತು ಮಾಡಲು ಅಷ್ಟು ವೇಗ ಬೇಡ. ಅದರ ಜತೆ ಬರುವುದು ಎಳೆಯಲಾಗದ ಬಿಗಿ ಮತ್ತು ಕುಲುಕಾಟ. ಎಳೆಯುವಾಗ ಬ್ಯಾರಲ್ ಕೈಜಾರಿದರೆ ಬೆರಳಿಗೆ ಅಪಾಯ, ಹಾಗಾಗಿ ಶುರುವಿನಲ್ಲಿ ನೀವೇ ಎಳೆದು ಕೊಡಿ. ಪೆಲೆಟ್ ಇಲ್ಲದೆ ಸುಮ್ನೆ ಹೊಡೆಯಬೇಡಿ, ಪಿಸ್ಟನ್ ಬಡಿದು ಹಾಳಾಗುತ್ತದೆ. ದುರ್ಬೀನಿನಂಥ ಸ್ಕೋಪ್ ಈಗಲೇ ಬೇಡ.

ಚಪ್ಪಟೆ ಮೂತಿಯ ಪೆಲೆಟ್ ತನ್ನಿ, ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ. ಉಕ್ಕಿನ ಗೋಲಿ ಗಟ್ಟಿ ಜಾಗಕ್ಕೆ ತಾಗಿ ವಾಪಸ್ ಹಾರುತ್ತದೆ, ಖಂಡಿತ ಬೇಡ. ರಕ್ಷಣೆಯ ಕನ್ನಡಕ ನಿಮಗೂ ಮಗುವಿಗೂ ಇರಲಿ. ಪೆಲೆಟ್ಟಿನಲ್ಲಿ ಸೀಸ ಇರುವುದರಿಂದ ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ರೈಫಲ್ ಬೀಗದೊಳಗೆ, ಪೆಲೆಟ್ ಬೇರೆ ಕಡೆ, ಕೀಲಿ ನಿಮ್ಮ ಹತ್ತಿರ.