ಫೋನಿನ ಜೊತೆಗೇ ಬಂದ ಬೇಡದ ಆ್ಯಪ್‌ಗಳನ್ನು ನಾನು ತೆಗೆದದ್ದು

ಹೊಸ ಫೋನ್ ಆನ್ ಮಾಡಿದ ದಿನವೇ ಅದರಲ್ಲಿ ನಾನು ಹಾಕದ ಆ್ಯಪ್‌ಗಳು ತುಂಬಿದ್ದವು. ಆಟಗಳು, ಶಾಪಿಂಗ್, ಇನ್ನೊಂದು ಬ್ರೌಸರ್. ಕೆಲವನ್ನು ಒತ್ತಿ ಹಿಡಿದರೆ ಅನ್‌ಇನ್‌ಸ್ಟಾಲ್ ಅಂತ ಬರುತ್ತಿತ್ತು, ಅವು ಐದು ನಿಮಿಷದಲ್ಲಿ ಹೋದವು. ಉಳಿದವಕ್ಕೆ ಆ ಆಯ್ಕೆಯೇ ಇರಲಿಲ್ಲ. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ಏನಿರಬೇಕು ಅನ್ನುವುದು ಕೊಂಡವರಿಗೆ ಬಿಟ್ಟದ್ದು ಅಲ್ವಾ?

ಇಂಥ ಆ್ಯಪ್‌ಗಳು ಫೋನನ್ನು ನಿಧಾನ ಮಾಡುತ್ತವೆ ಅನ್ನುವುದಷ್ಟೇ ಸಮಸ್ಯೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಇದೆ. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ, ಸುರಕ್ಷಿತ ಎನ್ನುವ ವೆಬ್ ಸಂಪರ್ಕದ ನಡುವೆಯೇ ಕೈ ಹಾಕುತ್ತಿದ್ದದ್ದು ಬಯಲಾಗಿತ್ತು.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದನ್ನೇ ಡಿಸೇಬಲ್ ಮಾಡಿದೆ. ಡಿಸೇಬಲ್ ಆದ ಆ್ಯಪ್ ಹಿನ್ನೆಲೆಯಲ್ಲಿ ಓಡುವುದಿಲ್ಲ, ನೋಟಿಫಿಕೇಶನ್ ಕಳಿಸುವುದಿಲ್ಲ. ಹೆಚ್ಚಿನವರಿಗೆ ಇಷ್ಟೇ ಸಾಕು ಅಂತ ಈಗಲೂ ಹೇಳುತ್ತೇನೆ. ಆದರೆ ಮೂರ್ನಾಲ್ಕು ಆ್ಯಪ್‌ಗಳಲ್ಲಿ ಆ ಬಟನ್ ಕೂಡ ಮಸುಕಾಗಿತ್ತು, ಒತ್ತಲು ಬರುತ್ತಿರಲಿಲ್ಲ.

ಅವಕ್ಕೆ ಎಡಿಬಿ ಬಳಸಿದೆ. ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನಿಗೆ ಕಮಾಂಡ್ ಕೊಡಲು ಗೂಗಲ್ ಉಚಿತವಾಗಿ ಕೊಡುವ ಸಾಧನ ಅದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡಿಬಗಿಂಗ್, ಅಂದರೆ ಕೇಬಲ್ ಮೂಲಕ ಕಂಪ್ಯೂಟರ್‌ನ ಕಮಾಂಡ್ ಒಪ್ಪುವ ಆಯ್ಕೆ, ಆನ್ ಮಾಡಿ ಕೇಬಲ್ ಹಾಕಿದೆ. ಆಮೇಲೆ ಆ್ಯಪ್ ತೆಗೆಯುವ ಕಮಾಂಡ್ ಕೊಟ್ಟೆ. ಇದಕ್ಕೆ ಫೋನ್ ರೂಟ್ ಮಾಡಬೇಕಾಗಿಲ್ಲ, ಅಂದರೆ ಸಿಸ್ಟಂ ಮೇಲೆ ಪೂರ್ತಿ ಹಿಡಿತ ಪಡೆಯಬೇಕಾಗಿಲ್ಲ. ಆ್ಯಪ್ ನಮ್ಮ ಬಳಕೆಯಿಂದ ಹೋಗುತ್ತದೆ, ಮೂಲ ಫೈಲ್ ಮಾತ್ರ ಸಿಸ್ಟಂ ಜಾಗದಲ್ಲೇ ಉಳಿಯುತ್ತದೆ. ಹಾಗಾಗಿ ಸ್ಟೋರೇಜ್ ಜಾಸ್ತಿ ಸಿಗುವುದಿಲ್ಲ. ಉಳಿತಾಯ ಆಗುವುದು ರ‍್ಯಾಮ್, ಬ್ಯಾಟರಿ, ಡೇಟಾ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲವೂ ವಾಪಸ್ ಬರುತ್ತವೆ.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಎಡಿಬಿ ತೋರಿಸುವ ಪಟ್ಟಿಯಲ್ಲಿ ಆ್ಯಪ್‌ನ ಹೆಸರಲ್ಲ, ಫೋನ್ ಅದನ್ನು ಗುರುತಿಸುವ ಉದ್ದನೆಯ ಪ್ಯಾಕೇಜ್ ಹೆಸರು ಕಾಣುತ್ತದೆ. ಅರ್ಥವಾಗದ ಒಂದನ್ನು ಸುಮ್ನೆ ತೆಗೆದುಬಿಟ್ಟೆ. ಅದು ಫೋನಿನ ಕೀಬೋರ್ಡ್ ಆಗಿತ್ತು! ಎಲ್ಲೂ ಒಂದಕ್ಷರ ಟೈಪ್ ಮಾಡಲು ಆಗಲಿಲ್ಲ. ಮೂಲ ಫೈಲ್ ಫೋನಿನಲ್ಲೇ ಇದ್ದದ್ದರಿಂದ, ಎಡಿಬಿಯ ಇನ್‌ಸ್ಟಾಲ್ ಎಕ್ಸಿಸ್ಟಿಂಗ್ ಕಮಾಂಡ್ ಕೊಟ್ಟಾಗ ಅದು ಮರಳಿ ಬಂತು. ಆಮೇಲೆ ಪ್ರತಿ ಪ್ಯಾಕೇಜ್ ಏನೆಂದು ಹುಡುಕಿ ನೋಡಿ, ಒಂದನ್ನು ತೆಗೆದು, ಫೋನ್ ರೀಸ್ಟಾರ್ಟ್ ಮಾಡಿ, ಒಂದು ದಿನ ಬಳಸಿ, ನಂತರವೇ ಮುಂದಿನದಕ್ಕೆ ಕೈ ಹಾಕಿದೆ.

ಲ್ಯಾಪ್‌ಟಾಪ್‌ನದು ಇಷ್ಟು ಕಷ್ಟವಾಗಲಿಲ್ಲ. ಟ್ರಯಲ್ ಆ್ಯಂಟಿವೈರಸ್ ತೆಗೆದೆ, ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಆ ಕೆಲಸಕ್ಕೆ ಬಂತು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆದಾಗ ತಾವಾಗಿ ಶುರುವಾಗುವ ಆ್ಯಪ್‌ಗಳ ಪಟ್ಟಿಯಲ್ಲಿ, ಬೇಡದ್ದನ್ನೆಲ್ಲ ನಿಲ್ಲಿಸಿದೆ.

ಕೊನೆಗೆ ಫೋನಿನ ಯುಎಸ್‌ಬಿ ಡಿಬಗಿಂಗ್ ಮತ್ತೆ ಆಫ್ ಮಾಡಿದೆ.