ಮಗಳ ಕೈಗೆ ಲೆಕ್ಕದ ನೋಟ್‌ಬುಕ್ ಕೊಟ್ಟು ಬ್ಯಾಂಕಾಕ್‌ಗೆ ಹೋಗಿಬಂದೆ

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಹಿಂದಿನ ಎರಡು ಪ್ರವಾಸಗಳಲ್ಲಿ ಅವಳು ಇಯರ್‌ಫೋನ್ ಹಾಕಿಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದೊಂದೇ ನನಗೆ ನೆನಪಿರೋದು. ಎಲ್ಲಿಗೆ ಹೋಗೋದು, ಎಲ್ಲಿ ಉಳಿಯೋದು, ಎಷ್ಟಕ್ಕೆ ಏಳೋದು, ಎಲ್ಲ ನಾನೇ ತೀರ್ಮಾನ ಮಾಡಿದ್ದೆ. ಅವಳು ಬ್ಯಾಗಿನ ಹಾಗೆ ಜೊತೆಗೆ ಬಂದಿದ್ದಳು ಅಷ್ಟೇ. ಈ ಸಲ ವಿದೇಶದ ಒಂದು ಊರು, ನಾಲ್ಕು ರಾತ್ರಿ, ನಾವಿಬ್ಬರೇ ಅಂತ ಗಟ್ಟಿ ಮಾಡಿಕೊಂಡ ದಿನವೇ ಒಂದು ರೂಲ್ ಹಾಳೆಯ ನೋಟ್‌ಬುಕ್ ತಂದು ಅವಳ ಮುಂದೆ ಇಟ್ಟು, "ದುಡ್ಡಿನ ಲೆಕ್ಕ ನಿಂದು, ನಾನು ಕೇಳಿದರೂ ನೀನೇ ಕೊಡಬೇಕು" ಅಂದೆ.

"ನಿಜವಾಗ್ಲೂ?" ಅಂದಳು. ಒಂದು ಇಯರ್‌ಫೋನ್ ಹೊರಗೆ ಬಂತು.

ಬ್ಯಾಂಕಾಕ್ ಯಾಕೆ ಅಂದರೆ, ಅಲ್ಲಿ ಇಳಿದ ಮೇಲೆ ಖರ್ಚು ನಮ್ಮ ಹಿಡಿತದಲ್ಲಿ ಇರುತ್ತದೆ. ಕೆಲವು ಊರುಗಳಿಗೆ ವಿಮಾನದ ಟಿಕೆಟ್ ಅಗ್ಗ, ಆದರೆ ರೂಮಿಗೆ ಕೈ ಸುಡುತ್ತದೆ. ಇಲ್ಲಿ ರೂಮು, ಊಟ, ಓಡಾಟ ಮೂರೂ ಕಡಿಮೆಯಲ್ಲಿ ಆಗುತ್ತವೆ. ಇನ್ನೊಂದು ಸ್ವಾರ್ಥದ ಕಾರಣವೂ ಇತ್ತು. ಬ್ಯಾಂಕಾಕ್ ಸಂಜೆ ಮೇಲೆ ಕಳೆಗಟ್ಟುವ ಊರು. ಹದಿನಾಲ್ಕರ ಮಗು ಬೆಳಿಗ್ಗೆ ಹತ್ತಕ್ಕೆ ಮುಂಚೆ ಮನುಷ್ಯರ ಹಾಗೆ ಮಾತಾಡುವುದಿಲ್ಲ. ಎರಡೂ ಹೊಂದಿಕೊಳ್ಳುತ್ತವೆ ಅಲ್ವಾ?

ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ತಂಪು, ಹಾಗಾಗಿ ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ಏಪ್ರಿಲ್‌ನಲ್ಲಿ ಸುಡು ಬಿಸಿಲು. ಮಳೆಗಾಲ ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್‌ವರೆಗೂ ಇರುತ್ತದೆ. ನಾವು ಜೂನ್ ಹಿಡಿದೆವು. ಮಧ್ಯಾಹ್ನ ಮೇಲೆ ಒಂದು ಗಂಟೆ ಧೋ ಅಂತ ಸುರಿಯುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಒಂದು ಕೊಡೆ ಸಾಕಾಯಿತು.

ಮೊದಲ ಎಡವಟ್ಟು ಪಾಸ್‌ಪೋರ್ಟಿನದು. ನನ್ನದು ಸರಿ ಇತ್ತು. ಅವಳದು ಮುಗಿಯಲು ಐದೇ ತಿಂಗಳು ಉಳಿದಿತ್ತು. ಮಕ್ಕಳ ಪಾಸ್‌ಪೋರ್ಟನ್ನು ಎಷ್ಟೋ ದೇಶಗಳಲ್ಲಿ ಐದೇ ವರ್ಷಕ್ಕೆ ಕೊಡುತ್ತಾರೆ, ದೊಡ್ಡವರದ್ದು ಹತ್ತು ವರ್ಷ ಅಂತ ನಾವು ಅದೇ ಗುಂಗಿನಲ್ಲಿ ಇರುತ್ತೇವೆ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು, ಇಲ್ಲದಿದ್ದರೆ ವಿಮಾನ ಹತ್ತುವ ಮುಂಚೆಯೇ ವಾಪಸ್ ಕಳಿಸಬಹುದು. ಟಿಕೆಟ್ ತಗೊಳ್ಳುವ ಮೊದಲೇ ನೋಡಿದ್ದು ಪುಣ್ಯ. ಅದನ್ನು ಹೊಸದು ಮಾಡಿಸುವಷ್ಟರಲ್ಲಿ ಮೂರು ವಾರ ಹೋಯಿತು.

ಅವಳಪ್ಪ ಜೊತೆಗೆ ಬರುತ್ತಿರಲಿಲ್ಲ. ಹಾಗಾಗಿ ಅವರ ಸಹಿ ಇರುವ ಒಪ್ಪಿಗೆ ಪತ್ರ, ಮಗಳ ಜನನ ಪ್ರಮಾಣಪತ್ರದ ಪ್ರತಿ ಎರಡನ್ನೂ ಫೈಲಿನಲ್ಲಿ ಇಟ್ಟುಕೊಂಡೆ. ಯಾರೂ ಕೇಳಲಿಲ್ಲ. ಆದರೂ ಇರಲಿ.

ಟಿಕೆಟಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹುಡುಗಿ ನನಗೇ ಪಾಠ ಮಾಡಿದ್ದು ಇಲ್ಲಿ. ನಾನು ಒಂದು ಭಾರಿ ಅಗ್ಗದ ಟಿಕೆಟ್ ಹುಡುಕಿ ಇಟ್ಟಿದ್ದೆ, ಕೊನೆಯ ಬಟನ್ ಒತ್ತೋದೊಂದೇ ಬಾಕಿ. ಅವಳು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು, ಒಂದು ಕಡೆ ಅಗ್ಗದ ವಿಮಾನ, ಇನ್ನೊಂದು ಕಡೆ ಸ್ವಲ್ಪ ದುಬಾರಿ ವಿಮಾನ ಬರೆದಳು. ಅಗ್ಗದ್ದು ರಾತ್ರಿ ಒಂದು ಗಂಟೆ ಹೊತ್ತಿಗೆ ಡಾನ್ ಮುಆಂಗ್‌ನಲ್ಲಿ ಇಳಿಯುತ್ತಿತ್ತು. ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ ಇವೆ, ಡಾನ್ ಮುಆಂಗ್ ಹಳೆಯದು, ಸುವರ್ಣಭೂಮಿ 2006ರಲ್ಲಿ ಶುರುವಾದ ದೊಡ್ಡದು. ಒಂದು ಗಂಟೆಗೆ ಇಳಿದರೆ ರೈಲು ಇಲ್ಲ, ಟ್ಯಾಕ್ಸಿಯೇ ಗತಿ. ಹೋಟೆಲಿನಲ್ಲಿ ನಾಲ್ಕು ಗಂಟೆ ಮಲಗೋಕೆ ಒಂದು ಪೂರ್ತಿ ರಾತ್ರಿಯ ಬಾಡಿಗೆ. ಬ್ಯಾಗಿಗೆ ಬೇರೆ, ಅಕ್ಕಪಕ್ಕದ ಸೀಟಿಗೆ ಬೇರೆ. ಕೆಳಗೆ ಗೆರೆ ಎಳೆದು ಕೂಡಿದಾಗ ಅಗ್ಗದ ಟಿಕೆಟ್ಟೇ ದುಬಾರಿ. "ಅಮ್ಮಾ, ನೀನು ಕೂಡೋದನ್ನ ಮರೀತೀಯ" ಅಂದಳು. ಅವಳ ಗಣಿತದ ಮಾರ್ಕ್ಸ್ ನೆನಪಿಸೋಣ ಅನ್ನಿಸಿತು, ಬಿಟ್ಟೆ.

ಗುರುವಾರ ಮಧ್ಯಾಹ್ನ ಸುವರ್ಣಭೂಮಿಯಲ್ಲಿ ಇಳಿಯುವ ವಿಮಾನ, ಸೋಮವಾರ ಸಂಜೆ ವಾಪಸ್. ವಾರದ ಕೊನೆ ಸೇರಿಸಿಕೊಂಡಿದ್ದು ಚತುಚಕ್ ಸಂತೆಗಾಗಿ. ಅದು ಪೂರ್ತಿ ತೆರೆಯೋದು ಶನಿವಾರ ಭಾನುವಾರ.

ರೂಮಿಗೆ ನನ್ನ ಷರತ್ತು ಒಂದು, ಅವಳದು ಒಂದು. ರೈಲು ಸ್ಟೇಷನ್‌ಗೆ ಐದು ನಿಮಿಷದ ನಡಿಗೆಯಲ್ಲಿ ಇರಬೇಕು ಅನ್ನೋದು ನಂದು. ಬಾತ್‌ರೂಮಿಗೆ ಗೋಡೆ ಇರಬೇಕು ಅನ್ನೋದು ಅವಳದು. ನಗಬೇಡಿ. ಕಡಿಮೆ ಬೆಲೆಯ "ಸ್ಟೈಲಿಶ್" ಹೋಟೆಲುಗಳಲ್ಲಿ ಬಾತ್‌ರೂಮಿಗೆ ಗಾಜಿನ ಗೋಡೆ ಇಡುವ ಹುಚ್ಚು ಇದೆ. ಹರೆಯದ ಮಗಳ ಜೊತೆ ಹೋಗುವವರು ಹೋಟೆಲಿನವರು ಹಾಕಿದ ಫೋಟೊ ನಂಬದೆ, ಉಳಿದು ಬಂದವರು ಹಾಕಿದ್ದನ್ನು ನೋಡಿ. ರಾಚತೇವಿ ಸ್ಟೇಷನ್ ಹತ್ತಿರ ಒಂದು ಸಾದಾ ಹೋಟೆಲು ಸಿಕ್ಕಿತು, ಎರಡು ಬೇರೆ ಬೇರೆ ಹಾಸಿಗೆ, ಗಟ್ಟಿ ಗೋಡೆ. ಮೊದಲು ಕಾಣಿಸುವ ಬಾಡಿಗೆಯ ಮೇಲೆ ಶೇಕಡಾ 7 ತೆರಿಗೆ, ಎಷ್ಟೋ ಕಡೆ ಶೇಕಡಾ 10 ಸರ್ವೀಸ್ ಚಾರ್ಜ್ ಸೇರುತ್ತದೆ, ಕೊನೆಯ ಪುಟದ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಅಲ್ಲಿ ಇಳಿಯುವ ಮುಂಚಿನ ಮೂರು ದಿನದ ಒಳಗೆ ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ದೇಶದೊಳಗೆ ಬರುವವರು ಆನ್‌ಲೈನ್‌ನಲ್ಲಿ ಕೊಡುವ ವಿವರದ ಅರ್ಜಿ, ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಮಕ್ಕಳಿಗೂ ಬೇರೆ ಕಾರ್ಡ್. ಇದಕ್ಕೆ ದುಡ್ಡಿಲ್ಲ. ಆದರೆ ಹುಡುಕಿದರೆ ಸರ್ಕಾರದ ಪುಟದ ಹಾಗೇ ಕಾಣುವ, ಶುಲ್ಕ ಕೇಳುವ ಪುಟಗಳು ಬರುತ್ತವೆ. ನಾನು ಅಂಥದ್ದೊಂದರಲ್ಲಿ ಅರ್ಧ ತುಂಬಿ, ಕಾರ್ಡ್ ನಂಬರ್ ಕೇಳಿದಾಗ ಎಚ್ಚೆತ್ತೆ. ವೀಸಾ ಬೇಕೋ ಬೇಡವೋ ಅನ್ನೋದು ನಿಮ್ಮ ಪಾಸ್‌ಪೋರ್ಟ್ ಮೇಲೆ ಹೋಗುತ್ತದೆ, ರಾಯಭಾರ ಕಚೇರಿಯ ಪುಟದಲ್ಲೇ ನೋಡಿಕೊಳ್ಳಿ.

ದುಡ್ಡಿನ ಏರ್ಪಾಡು ಹೀಗಿತ್ತು. ಇಬ್ಬರ ಊಟ, ಓಡಾಟ, ಪ್ರವೇಶ ಟಿಕೆಟ್ ಎಲ್ಲ ಸೇರಿ ದಿನಕ್ಕೆ 1,800 ಬಾತ್ (ಬಾತ್ ಅಂದರೆ ಥಾಯ್ಲೆಂಡಿನ ಹಣ). ಒಂದೊಂದು ದಿನಕ್ಕೂ ಒಂದೊಂದು ಲಕೋಟೆ, ಎಲ್ಲ ಅವಳ ಬಳಿ. ಉಳಿದರೆ ಮಾರನೆಯ ದಿನಕ್ಕೆ. ಅದು ಬಿಟ್ಟು ಅವಳಿಗೆ ಅಂತ 1,500 ಬಾತ್, ಅದರಲ್ಲಿ ಏನು ತಗೊಂಡರೂ ನಾನು ಬಾಯಿ ಬಿಡುವ ಹಾಗಿಲ್ಲ. ಎಟಿಎಮ್‌ನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್‌ಗೂ ಮೇಲೆ ಕಟ್ಟಾಗಬಹುದು, ಹಾಗಾಗಿ ನಾಲ್ಕು ಸಲ ಚೂರು ಚೂರು ತೆಗೆಯೋದು ದಡ್ಡತನ, ಒಂದೇ ಸಲ ತೆಗೆದೆ. ಯಂತ್ರ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲಾ" ಅಂತ ಕೇಳಿದರೆ ಬೇಡ ಅನ್ನಿ. ಬಾತ್‌ನಲ್ಲೇ ಇರಲಿ. ಹೂಂ ಅಂದರೆ ಅವರ ದರ, ಅದು ಯಾವತ್ತೂ ನಮಗೆ ನಷ್ಟ.

ವಿಮಾನ ನಿಲ್ದಾಣದಿಂದ ಊರೊಳಗಿನ ಫಯಾ ಥಾಯ್ ಸ್ಟೇಷನ್‌ವರೆಗೆ ರೈಲಿದೆ. ತಲೆಗೆ 45 ಬಾತ್, ಅರ್ಧ ಗಂಟೆಯ ದಾರಿ. ರಾಚತೇವಿ ಅಲ್ಲಿಂದ ಒಂದೇ ಸ್ಟೇಷನ್. ಮೊದಲ ಸಂಜೆ ಎಲ್ಲೂ ಹೋಗದೆ ಸುತ್ತಮುತ್ತ ಅಲೆದೆವು. ಅವಳು ತನ್ನ 1,500ರಲ್ಲಿ 890 ಬಾತ್ ಕೊಟ್ಟು ಒಂದು ಜಾಕೆಟ್ ತಗೊಂಡಳು. ಬ್ಯಾಂಕಾಕ್‌ನ ಸೆಕೆಯಲ್ಲಿ, ಜಾಕೆಟ್! ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ.

ಬೆಳಿಗ್ಗೆ ಬೇಗ ಏಳುವ ದಿನ ಒಂದೇ ಅಂತ ಒಪ್ಪಂದ ಆಗಿತ್ತು, ಅದು ಶುಕ್ರವಾರ, ಥಾಯ್ ರಾಜರ ಹಳೆಯ ಅರಮನೆ ಗ್ರ್ಯಾಂಡ್ ಪ್ಯಾಲೇಸ್‌ಗೆ. ಎಂಟೂವರೆಗೆ ತೆರೆಯುತ್ತದೆ, ಮೂರೂವರೆಗೆ ಒಳಗೆ ಬಿಡೋದು ನಿಲ್ಲುತ್ತದೆ. ಸಫಾನ್ ತಕ್ಸಿನ್‌ವರೆಗೆ ರೈಲು, ಅಲ್ಲಿಂದ ಚಾವೊ ಫ್ರಾಯಾ ನದಿಯಲ್ಲಿ ದೋಣಿ. ಕಿತ್ತಳೆ ಬಾವುಟದ ದೋಣಿ ಊರಿನವರು ಓಡಾಡುವುದು, ನಾವು ಕೊಟ್ಟಿದ್ದು 16 ಬಾತ್. ನೀಲಿ ಬಾವುಟದ್ದು ಪ್ರವಾಸಿಗರಿಗೆ, ದುಬಾರಿ. ದಡದಲ್ಲಿ ನಿಂತರೆ ಎಲ್ಲರೂ ನೀಲಿ ಕಡೆಗೇ ಕರೆಯುತ್ತಾರೆ.

ಅರಮನೆಯ ಬಾಗಿಲಿಗೆ ಬಂದು ನೋಡುತ್ತೇನೆ, ಹುಡುಗಿ ಮಂಡಿ ಹರಿದ ಜೀನ್ಸ್ ಹಾಕಿಕೊಂಡು ಬಂದಿದ್ದಾಳೆ. ಹೆಗಲು, ಮಂಡಿ ಮುಚ್ಚಿರಬೇಕು ಅಂತ ನಾನು ರಾತ್ರಿ ಹೇಳಿದ್ದೆ. "ಇದು ಫುಲ್ ಪ್ಯಾಂಟೇ ಅಲ್ವಾ" ಅನ್ನೋದು ಅವಳ ವಾದ. ಕಾವಲಿನವನು ಮಾತೇ ಆಡದೆ ಮಂಡಿ ಕಡೆ ಬೆರಳು ತೋರಿಸಿ, ರಸ್ತೆಯಾಚೆಯ ಅಂಗಡಿ ತೋರಿಸಿದ. ಆನೆ ಚಿತ್ರಗಳ ಜೊಳಜೊಳ ಪ್ಯಾಂಟು, ಕೇಳಿದ್ದು 200, ಕೊಟ್ಟಿದ್ದು 120 ಬಾತ್. ಯಾವ ಲೆಕ್ಕದಿಂದ ಅಂತ ಐದು ನಿಮಿಷ ಚರ್ಚೆ ಆಯಿತು. ಅವಳ ಲೆಕ್ಕದಿಂದಲೇ ಹೋಯಿತು. ಅದೇ ಪ್ಯಾಂಟನ್ನು ಈಗ ವಾರಕ್ಕೆ ಮೂರು ದಿನ ಮನೆಯಲ್ಲಿ ಹಾಕುತ್ತಾಳೆ. ಜಾಕೆಟ್ ಬೀರುವಿನಲ್ಲಿದೆ.

ಅಲ್ಲಿ ಸುತ್ತ ಒಬ್ಬ ಟುಕ್‌ಟುಕ್‌ನವನು (ಅಲ್ಲಿನ ಆಟೊದವನು) ಬಂದು "ಇವತ್ತು ಅರಮನೆ ರಜ, ಬೇರೆ ದೇವಸ್ಥಾನ ತೋರಿಸ್ತೀನಿ" ಅಂದ. ಹಳೆಯ ಆಟ ಇದು, ಕೊನೆಗೆ ಒಯ್ದು ಹರಳಿನ ಅಂಗಡಿಯಲ್ಲಿ ನಿಲ್ಲಿಸುತ್ತಾರೆ. ನೋಟ್‌ಬುಕ್ಕಿನ "ನಂಬಬಾರದ್ದು" ಪುಟದಲ್ಲಿ ಅದು ಒಂದನೇ ನಂಬರ್ ಆಗಿತ್ತು. ಮಗಳು ಅವನ ಎದುರಿಗೇ ಪುಟ ತೆಗೆದು ಟಿಕ್ ಹಾಕಿದಳು.

ಅರಮನೆಗೆ ತಲೆಗೆ 500 ಬಾತ್, ಆ ದಿನದ ಲಕೋಟೆ ಅರ್ಧಕ್ಕಿಂತ ಜಾಸ್ತಿ ಖಾಲಿ. ನನ್ನ ಪ್ರಕಾರ ಕೊಡಬಹುದು. ಪಚ್ಚೆ ಬುದ್ಧನ ಗುಡಿಯ ಸುತ್ತ ಪಡಸಾಲೆಯ ಗೋಡೆ ತುಂಬ ಅವರ ರಾಮಾಯಣ, ರಾಮಕಿಯೆನ್, 178 ಚಿತ್ರಗಳಲ್ಲಿ. ರಾವಣನಿಗೆ ಅಲ್ಲಿ ತೋಸಕನ್ ಅಂತಾರೆ, ದಶಕಂಠ ಅಂತಲೇ ಅರ್ಥ. ಹನುಮಂತ ಮಾತ್ರ ನಾವು ತಿಳಿದ ಬ್ರಹ್ಮಚಾರಿ ಅಲ್ಲ, ರಾವಣನ ಮಗಳು ಮತ್ಸ್ಯಕನ್ಯೆ ಸುವಣ್ಣಮಚ್ಚಾ ಜೊತೆ ಅವನಿಗೆ ಪ್ರೇಮ, ಒಬ್ಬ ಮಗನೂ ಇದ್ದಾನೆ. ಇಷ್ಟು ಹೇಳಿದ್ದೇ ತಡ, ಮ್ಯೂಸಿಯಂ ಅಂದರೆ ಮುಖ ಸಿಂಡರಿಸುವವಳು ಮತ್ಸ್ಯಕನ್ಯೆಯನ್ನು ಹುಡುಕಿಕೊಂಡು ಪಡಸಾಲೆ ಪೂರ್ತಿ ಒಂದು ಸುತ್ತು ಬಂದಳು. ಅಲ್ಲಿನ ಹೆಸರುಗಳು ನಮಗೆ ಅರ್ಧ ಗೊತ್ತಿರುವವೇ. ನದಿಯಾಚೆ ಕಾಣುವ ವಾಟ್ ಅರುಣ್ ಗುಡಿಯ ಹೆಸರು ನಮ್ಮ ಅರುಣನದೇ. ಸಸ್ಯಾಹಾರಕ್ಕೆ "ಮಾಂಗ್‌ಸಾವಿರಾಟ್", ಅಂದರೆ ಮಾಂಸ ವಿರತಿ. ಈ ಒಂದು ಪದ, ಮತ್ತೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದ "ಜೇ" (ಮಾಂಸ ಇಲ್ಲದ ಊಟ) ಬೋರ್ಡು, ಮಾಂಸ ತಿನ್ನದ ನನ್ನನ್ನು ನಾಲ್ಕು ದಿನ ಸಾಕಿದವು.

ಶನಿವಾರ ಚತುಚಕ್. ಸಾವಿರಾರು ಅಂಗಡಿ, ಇಕ್ಕಟ್ಟು ಓಣಿ, ಒಳಗೆ ಹೋದರೆ ದಿಕ್ಕೇ ತಪ್ಪುತ್ತದೆ. ಒಂದು ಗಂಟೆ ಅವಳೊಬ್ಬಳೇ ಸುತ್ತಬೇಕು ಅಂದಳು. ಎದೆ ಡವಗುಟ್ಟಿತು, ಆದರೂ ಬಿಟ್ಟೆ. ಇಬ್ಬರಿಗೂ ಬೇರೆ ಬೇರೆ ಇ-ಸಿಮ್ ಹಾಕಿಸಿದ್ದೆ, ಹೋಟೆಲಿನ ವಿಳಾಸ ಥಾಯ್ ಅಕ್ಷರದಲ್ಲಿ ಬರೆದ ಚೀಟಿ ಅವಳ ಜೇಬಿನಲ್ಲಿತ್ತು, ಮತ್ತೆ ಏನೇ ಆದರೂ ನಡುವಿನ ಗಡಿಯಾರದ ಗೋಪುರದ ಕೆಳಗೆ ಹನ್ನೆರಡಕ್ಕೆ ಅಂತ ಮಾತಾಗಿತ್ತು. ಹನ್ನೆರಡು ಹತ್ತಾಯಿತು. ಫೋನು ಹತ್ತುತ್ತಿಲ್ಲ. ಹನ್ನೆರಡೂ ಇಪ್ಪತ್ತು. ಗೋಪುರದ ಸುತ್ತ ಎರಡು ಸಲ ಸುತ್ತಿದೆ. ಮೂರನೇ ಸಲ ನೋಡಿದರೆ, ನಾನು ನಿಂತ ಜಾಗದ ಸರಿಯಾಗಿ ಹಿಂಬದಿಗೆ, ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ಐಸ್‌ಕ್ರೀಮ್ ತಿನ್ನುತ್ತಿದ್ದಾಳೆ. ಫೋನಿನ ಚಾರ್ಜ್ ಹೋಗಿತ್ತು. "ನಾನು ಹನ್ನೆರಡಕ್ಕೇ ಬಂದೆ, ನೀನೆಲ್ಲಿದ್ದೆ?" ಅಂತ ನನ್ನನ್ನೇ ಕೇಳಿದಳು. ಗೋಪುರದ ಯಾವ ಮಗ್ಗುಲು ಅಂತಲೂ ಮೊದಲೇ ಹೇಳಿಕೊಳ್ಳಿ. ಪವರ್‌ಬ್ಯಾಂಕ್ ನನ್ನ ಬ್ಯಾಗಿನಲ್ಲಿತ್ತು, ಅದು ಅವಳ ಬ್ಯಾಗಿನಲ್ಲಿ ಇರಬೇಕಿತ್ತು.

ಭಾನುವಾರ ಹತ್ತೂವರೆವರೆಗೆ ನಿದ್ದೆ. ಆಮೇಲೆ ನ್ಯಾಷನಲ್ ಸ್ಟೇಡಿಯಂ ಸ್ಟೇಷನ್ ಪಕ್ಕದ ಕಲಾ ಕೇಂದ್ರ. ಪ್ರವೇಶಕ್ಕೆ ದುಡ್ಡಿಲ್ಲ, ಸೋಮವಾರ ರಜ. ಮಳೆ ಬರುವ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ. ಸಂಜೆ ಆಸೋಕ್‌ನಿಂದ ಪ್ರತುನಾಮ್‌ವರೆಗೆ ಕಾಲುವೆ ದೋಣಿ ಹತ್ತಿದೆವು. ಇಡೀ ಪ್ರವಾಸದಲ್ಲಿ ಅವಳಿಗೆ ಅತಿ ಇಷ್ಟವಾದದ್ದು ಈ ಕೆಲವೇ ಬಾತ್‌ಗಳ ಸವಾರಿ. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆದು ಟಿಕೆಟ್ ಕೊಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಕೊಳಕು ನೀರು ಎರಚುತ್ತದೆ, ಆಗ ಪಕ್ಕದಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೆತ್ತಬೇಕು. ಹಗ್ಗ ಮಗಳ ಕೈಯಲ್ಲಿತ್ತು. ಎರಡು ಸಲ ಸರಿಯಾಗಿ ಎಳೆದಳು. ಮೂರನೇ ಸಲ ವೀಡಿಯೊ ಮಾಡುತ್ತಿದ್ದಳು, ನನ್ನ ಎಡ ತೋಳು ಪೂರ್ತಿ ನೆನೆಯಿತು.

ಸೋಮವಾರ ವಿಮಾನ ನಿಲ್ದಾಣದಲ್ಲಿ, ಅಮೃತ ಮಥನದ ದೊಡ್ಡ ಶಿಲ್ಪದ ಎದುರು ಕೂತು ಅವಳು ಕೊನೆಯ ಲೆಕ್ಕ ಮಾಡಿದಳು. ಕೈಯಲ್ಲಿ ಉಳಿದದ್ದು 312 ಬಾತ್. ಪುಸ್ತಕದ ಪ್ರಕಾರ 372 ಇರಬೇಕಿತ್ತು. ಆ 60 ಬಾತ್ ಎಲ್ಲಿ ಹೋಯಿತು ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ನಾನು ಶನಿವಾರ ಕದ್ದು ಮಾವಿನಹಣ್ಣು ತಿಂದೆ ಅಂತ ಅವಳು. ಎರಡನೇ ಐಸ್‌ಕ್ರೀಮ್ ಬರೆದುಕೊಂಡಿಲ್ಲ ಅಂತ ನಾನು.